ಬೆಲೂಗಾ ಮತ್ತು ಅಕ್ಕ ಇಡಬೇಕಿದ್ದ ಹೆಸರು

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲಿಗ. ಇದನ್ನು ಹೇಳುವಾಗ ಇವತ್ತಿಗೂ ಎದೆ ಸ್ವಲ್ಪ ಮುಂದೆ ಬರುತ್ತದೆ, ಸುಳ್ಳು ಯಾಕೆ ಹೇಳಲಿ. ಅಪ್ಪ ಗದಗಿನ ಪಕ್ಕದ ಬೆಟಗೇರಿಯಲ್ಲಿ ಸೀರೆ ನೇಯುತ್ತಿದ್ದ. ಅವ್ವನಿಗೆ ಸಹಿ ಮಾಡಲು ಬರುತ್ತಿರಲಿಲ್ಲ. ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ರಾಟಿಯ ಮುಂದೆ ಕೂತಳು. ಲಾಳಿಯೊಳಗೆ ಕೂಡಿಸುವ ನೂಲಿನ ಕಂಡಿಕೆ ಸುತ್ತುವುದು ಅವಳ ಕೆಲಸ. ಆ ಕೆಲಸ ನನ್ನ ಪಾಲಿಗೂ ಬರಬೇಕಿತ್ತು. ‘ಅಂವ ಓದಲಿ, ಅವನ ಪಾಲಿಂದು ನಾ ಸುತ್ತತೀನಿ’ ಅಂದವಳು ಅಕ್ಕನೇ. ಹೀಗಾಗಿ ನನ್ನ ಓದಿನ ಹಿಂದೆ ರಾಟಿಯ ಸಪ್ಪಳ ಯಾವಾಗಲೂ ಇರುತ್ತಿತ್ತು.

ಹದಿನೆಂಟಕ್ಕೆ ಅಕ್ಕನ ಕೆಳತುಟಿಯ ಮೇಲೆ ಜೋಳದ ಕಾಳಿನಷ್ಟು ಬಿಳಿ ಕಲೆ ಕಾಣಿಸಿತು. ವರ್ಷ ತುಂಬುವುದರೊಳಗೆ ತುಟಿಯ ಸುತ್ತ, ಬೆರಳ ತುದಿಗಳಿಗೆ, ಮೊಣಕೈಗೆ ಹಬ್ಬಿತು. ತೊನ್ನು ಅಂದರು. ಬಾವಂಚಿ ಬೀಜ ತೇಯ್ದು ಹಚ್ಚಿ ಬಿಸಿಲಲ್ಲಿ ಕೂಡಿಸಿದರು. ಗುಳ್ಳೆ ಎದ್ದು ಒಡೆದು ನೀರು ಸೋರಿತೇ ಹೊರತು ಬಣ್ಣ ತಿರುಗಲಿಲ್ಲ. ಹೆಣ್ಣು ನೋಡಲು ಬಂದ ಎರಡು ಕಡೆಯವರು ಚಹಾ ಕುಡಿದು ಹೋದವರು ಖಬರೇ ಕೊಡಲಿಲ್ಲ. ಆಮೇಲೆ ಯಾರೂ ಬರಲಿಲ್ಲ. ಅಕ್ಕ ಸೆರಗಿನ ತುದಿಯನ್ನು ತುಟಿಗೆ ಒತ್ತಿ ಹಿಡಿದು ಮಾತಾಡುವುದನ್ನು ರೂಢಿ ಮಾಡಿಕೊಂಡಳು. ಊಟಕ್ಕೂ ಎಲ್ಲರದೂ ಆದ ಮೇಲೆ ಕೂಡುತ್ತಿದ್ದಳು.

ನಾನು ಗದಗಿನ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ಎಪ್ಪತ್ತರ ದಶಕದ ಕಡೆಯ ವರ್ಷಗಳು. ಆಗ ರಶ್ಯಾದ ಪತ್ರಿಕೆಯೊಂದು ಕನ್ನಡದಲ್ಲಿ ಬರುತ್ತಿತ್ತು. ಓದುವವರಿಗಿಂತ ಅದರ ನುಣುಪು ಹಾಳೆಗಳನ್ನು ಪುಸ್ತಕಕ್ಕೆ ಹೊದಿಕೆ ಹಾಕಿಕೊಳ್ಳುವವರೇ ಹೆಚ್ಚು. ಒಂದು ಸಂಜೆ ಪ್ರಾಣಿಶಾಸ್ತ್ರದ ಜರ್ನಲ್‌ಗೆ ಹೊದಿಕೆ ಹಾಕಲು ಹಾಳೆ ಬಿಡಿಸಿದೆ. ಹಿಮಗಡ್ಡೆಗಳ ನಡುವಿನಿಂದ ತಲೆ ಎತ್ತಿದ ಒಂದು ಪ್ರಾಣಿಯ ಚಿತ್ರ ಇತ್ತು. ಸುಣ್ಣ ಬಳಿದಂಥ ಮೈ, ಗುಂಡು ಹಣೆ, ನಗುವಂಥ ಬಾಯಿ. ಕೆಳಗೆ ‘ಬೆಲೂಗಾ’ ಅಂತ ಮಾತ್ರ ಇತ್ತು.

ಅಕ್ಕ ರಾಟಿ ಬಿಟ್ಟು ಬಗ್ಗಿ ನೋಡಿದಳು. ‘ಇದಕ್ಕೂ ನನ್ನ ರೋಗ ಬಂದೈತೇನೋ?’ ಅಂದಳು.

ತನ್ನ ಮೈಯ ಬಗ್ಗೆ ಅವಳೇ ಚಾಷ್ಟಿ ಮಾಡಿದ್ದು ಅದೇ ಮೊದಲು. ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ‘ತಡೀ, ಕೇಳಿ ಹೇಳತೀನಿ’ ಅಂದೆ.

ನಮ್ಮ ಮೇಷ್ಟ್ರು ಲೈಬ್ರರಿಯಲ್ಲಿ ಒಂದು ದಪ್ಪ ಇಂಗ್ಲಿಷ್ ಪುಸ್ತಕ ತೋರಿಸಿದರು. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಒಂದು ಪುಟ ಓದಲು ಎರಡು ದಿನ ಹಿಡಿಯಿತು. ಮೂರನೇ ದಿನ ರಾಟಿಯ ಎದುರು ಕೂತು ಹೇಳಿದೆ. ಅದು ತಿಮಿಂಗಿಲದ ಒಂದು ಜಾತಿ. ಉತ್ತರದ ಹಿಮದ ಸಮುದ್ರದಲ್ಲಿ ಇರುತ್ತದೆ. ಬೆಲೂಗಾ ಅನ್ನುವುದು ರಶ್ಯನ್ ಮಾತು, ಬಿಳಿಯದು ಅಂತ ಅರ್ಥ.

‘ಬೆಳ್ಳಗ ಐತಿ ಅಂತ ಬೆಲೂಗಾ. ಅಷ್ಟ ತಿಳಕೊಳ್ಳಾಕ ಕಾಲೇಜಿಗೆ ಹೋಗಬೇಕೇನೋ?’ ಅಂದಳು.

‘ಅವರ ಭಾಷಾ ಬ್ಯಾರೆ, ನಮ್ಮದು ಬ್ಯಾರೆ. ಮುಂದ ಕೇಳು. ಅದ ಹೆಸರಿಂದು ಒಂದು ದೊಡ್ಡ ಮೀನು ಐತಿ. ಅದರ ತತ್ತಿ ಸಾಹುಕಾರರು ತಿಂತಾರಂತ. ಮಂದಿ ಎರಡನ್ನೂ ಒಂದ ಅಂತ ತಿಳೀತಾರ.’

‘ತಿಳದ ತಿಳೀತಾರ. ನಮ್ಮ ಓಣ್ಯಾಗ ಒಂದ ಹೆಸರಿನವರು ಐದು ಮಂದಿ ಇಲ್ಲೇನು? ಕುಂಟ, ಉದ್ದಾಂವ, ಗಿರಣಿ ಮನ್ಯಾಂವ ಅಂತ ಕರಿಯೂದಿಲ್ಲೇನು?’

ಆ ಮಾತು ನಿಜವೇ ಆಗಿತ್ತು. ಹಡಗಿನವರು ಈ ತಿಮಿಂಗಿಲಕ್ಕೆ ಸಮುದ್ರದ ಹಾಡುಹಕ್ಕಿ ಅನ್ನುತ್ತಿದ್ದರಂತೆ, ಯಾಕೆಂದರೆ ಅದು ನೀರಿನೊಳಗೆ ಸಿಳ್ಳೆ ಹಾಕುವುದು ಹಡಗಿನ ತಳದಲ್ಲಿ ಕೂತವರಿಗೂ ಕೇಳುತ್ತಿತ್ತು. ವಿಜ್ಞಾನಿಗಳು ಕೊಟ್ಟ ಲ್ಯಾಟಿನ್ ಹೆಸರಿಗೆ, ಬೆನ್ನಿನ ಮೇಲೆ ಈಜುರೆಕ್ಕೆ ಇಲ್ಲದ ಬಿಳಿ ಪ್ರಾಣಿ ಅಂತ ಅರ್ಥ. ‘ಕಣ್ಣಿಗೆ ಕಂಡದ್ದಕ್ಕ ಒಬ್ಬರು, ಕಿವಿಗೆ ಕೇಳಿದ್ದಕ್ಕ ಒಬ್ಬರು, ಇಲ್ಲದ್ದಕ್ಕ ಒಬ್ಬರು ಹೆಸರಿಟ್ಟಾರ’ ಅಂದಳು ಅಕ್ಕ. ಆಮೇಲೆ ನಾನು, ಅದರ ಮರಿ ಹುಟ್ಟುವಾಗ ಬೆಳ್ಳಗಿರುವುದಿಲ್ಲ, ಬೂದು ಬಣ್ಣದ್ದಿರುತ್ತದೆ, ಬೆಳೆಬೆಳೆಯುತ್ತ ಬೆಳ್ಳಗಾಗುತ್ತದೆ ಅಂದೆ.

ಅಕ್ಕ ರಾಟಿ ನಿಲ್ಲಿಸಿದಳು. ‘ಅಂದ್ರ ಅದಕ್ಕ ಅದು ರೋಗ ಅಲ್ಲ?’

‘ಅಲ್ಲ. ದೊಡ್ಡದಾತು ಅಂತ ಗುರ್ತು.’

‘ಖರೆನೋ?’

‘ಬುಕ್ಕಿನ್ಯಾಗ ಐತಿ ಅಕ್ಕಾ.’

ಅವಳ ಕಲೆ ಬೇರೆ, ತಿಮಿಂಗಿಲದ ಬಣ್ಣ ಬೇರೆ ಅನ್ನುವುದನ್ನೂ ಹೇಳಿದೆ. ಅವಳಿಗೆ ಅದು ಗೊತ್ತಿತ್ತು, ದಡ್ಡಿಯಲ್ಲ. ಆದರೂ ಮರುವಾರದಿಂದ ಬಾವಂಚಿ ಹಚ್ಚುವುದನ್ನು ಬಿಟ್ಟಳು. ನಳದ ಹತ್ತಿರ ಒಬ್ಬಾಕೆ ‘ಕುತ್ತಿಗಿಗೂ ಬಂತಲ್ಲವಾ’ ಅಂದದ್ದಕ್ಕೆ, ‘ಹೌದವಾ, ನಾ ಬೆಲೂಗಾ ಆಗಾಕತ್ತೀನಿ. ನನ್ನ ತಮ್ಮನ್ನ ಕೇಳು, ಹೇಳತಾನ’ ಅಂದಳಂತೆ. ಸೆರಗು ತುಟಿ ಬಿಟ್ಟು ಹೆಗಲಿಗೆ ಹೋಯಿತು. ನಮ್ಮ ಸಂಗಡವೇ ಊಟಕ್ಕೆ ಕೂತಳು. ನಾನು ಬುಕ್ಕಿನಲ್ಲಿ ಓದಿ ಹೇಳಿದೆ ಅನ್ನುವುದೊಂದೇ ಅವಳಿಗೆ ಆಧಾರ.

ಮುಂದೆ ಡಿಗ್ರಿ ಆಯಿತು, ಬಿ.ಎಡ್. ಆಯಿತು, ಶಿರಹಟ್ಟಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನೌಕರಿ ಸಿಕ್ಕಿತು. ತೊನ್ನು ಮುಟ್ಟಿದರೆ ಅಂಟುವುದಿಲ್ಲ ಅಂತ ಪ್ರತಿ ವರ್ಷ ಒಂಬತ್ತನೆಯ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು ಕಲಿಸುತ್ತಿದ್ದೆ. ಲಕ್ಷ್ಮೇಶ್ವರದ ಹುಡುಗಿಯೊಂದಿಗೆ ಮದುವೆಯಾಯಿತು. ಎಂಬತ್ತರ ದಶಕದ ಆರಂಭದಲ್ಲಿ ತವರುಮನೆಯಲ್ಲಿ ಅವಳು ಹೆಣ್ಣುಕೂಸು ಹಡೆದಳು.

ನಮ್ಮ ಕಡೆ ತೊಟ್ಟಿಲಿಗೆ ಹಾಕುವ ದಿನ ಕೂಸಿಗೆ ಹೆಸರಿಡುವ ಹಕ್ಕು ಸೋದರತ್ತೆಯದು, ಅಂದರೆ ಅಪ್ಪನ ಅಕ್ಕತಂಗಿಯರದು. ಅವಳು ತೊಟ್ಟಿಲೊಳಗೆ ಬಗ್ಗಿ, ಕೂಸಿನ ಕಿವಿಗೆ ತುಟಿ ಹಚ್ಚಿ ‘ಕುರ್‌ರ್’ ಅಂತ ಊದಿ ಹೆಸರು ಹೇಳಬೇಕು. ಹೇಳುತ್ತಿರುವಾಗಲೇ ಹಿಂದೆ ನಿಂತ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ಮದುವೆ, ಮಕ್ಕಳು ತನಗಿಲ್ಲ ಅಂತ ಅಕ್ಕನಿಗೆ ಆಗಲೇ ಗೊತ್ತಾಗಿತ್ತು. ಅವಳಿಗೆ ಬರಬಹುದಾದ ಸಂಭ್ರಮ ಇದೊಂದೇ. ತಾನೇ ಹೊಲಿದ ಕುಂಚಿಗೆ, ಅಂದರೆ ಕೂಸಿನ ತಲೆಯಿಂದ ಬೆನ್ನಿಗೆ ಇಳಿಬೀಳುವ ಟೊಪ್ಪಿಗೆಯನ್ನು ಹೊಸ ಬಟ್ಟೆಯಲ್ಲಿ ಸುತ್ತಿಕೊಂಡು ಬೆಳಗಿನ ಬಸ್ಸಿಗೆ ಬಂದಿಳಿದಳು. ‘ಗುದ್ದು ತಿನ್ನಾಕ ಬೆನ್ನು ಗಟ್ಟಿ ಮಾಡಿಕೊಂಡು ಬಂದೀನಿ’ ಅಂತ ಬಾಗಿಲಲ್ಲೇ ನಗಾಡಿದಳು.

ನನ್ನ ಹೆಂಡತಿಯ ತಾಯಿ ನನ್ನನ್ನು ಹಿತ್ತಲಿಗೆ ಕರೆದಳು. ಕೆಟ್ಟ ಹೆಂಗಸಲ್ಲ, ಅಂಜಿಕೆಯವಳು. ‘ಸಿಟ್ಟಾಗಬ್ಯಾಡ್ರಿ. ಹಸುಗೂಸು ಐತಿ. ನಿಮ್ಮ ಅಕ್ಕಾರ ತುಟಿ ಕಿವಿಗೆ ಹತ್ತತೈತಲ್ರಿ. ಹೆಣ್ಣುಕೂಸು ಬ್ಯಾರೆ. ನಾಳೆ ಏನರ ಆದ್ರ?’

‘ಅದು ಅಂಟೂದಿಲ್ರಿ’ ಅನ್ನಲು ಎಷ್ಟು ಹೊತ್ತು ಬೇಕಿತ್ತು? ಮಕ್ಕಳಿಗೆ ವರ್ಷವರ್ಷ ಹೇಳುತ್ತಿದ್ದ ಮಾತು. ಒಳಗೆ ಬೀಗರ ಮಂದಿ ತುಂಬಿದ್ದರು. ಅವರಲ್ಲಿ ಇಬ್ಬರು ವಕೀಲರು. ನೇಕಾರರ ಮಗನಿಗೆ ಅಂಥ ಮನೆಯಲ್ಲಿ ಮೊದಲ ಸಲ ಕುರ್ಚಿ ಹಾಕಿ ಕೂಡಿಸಿದ್ದರು. ನಾನು ‘ನೋಡೂಣ್ರಿ’ ಅಂದೆ.

ಹೋಗಿ ಅಕ್ಕನಿಗೆ ಹೇಳಿದ್ದು ಇನ್ನೂ ಕೆಟ್ಟದ್ದು. ನನ್ನ ಕಲಿಕೆಯನ್ನೇ ಮುಂದಿಟ್ಟುಕೊಂಡು ಸುಳ್ಳು ಹೇಳಿದೆ. ‘ಹಸುಗೂಸಿನ ಕಿವಿಗೆ ಯಾರೂ ಬಾಯಿ ಹಚ್ಚಬಾರದಂತ, ಡಾಕ್ಟರ್ ಹೇಳ್ಯಾರ. ಉಸುರಿನ್ಯಾಗ ಜಂತು ಇರತಾವ. ಈಗಿನ ವಿಜ್ಞಾನ ಹಂಗ ಹೇಳತೈತಿ ಅಕ್ಕಾ. ಈ ಸಲ ಕಿವಿಯಾಗ ಹೇಳೂದ ಬ್ಯಾಡ, ಎಲ್ಲಾರೂ ದೂರದಿಂದ ಕರಿಯೂಣು.’

ಅಕ್ಕ ಒಂದು ಕ್ಷಣವೂ ಅನುಮಾನ ಪಡಲಿಲ್ಲ. ‘ಹಂಗಾರ ಬ್ಯಾಡ ಬಿಡು. ಕೂಸು ಚಲೋ ಇದ್ರ ಆತು. ನೀ ಕಲತಾಂವ’ ಅಂದಳು. ಕುಂಚಿಗೆಯನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು ಕಂಬದ ಹತ್ತಿರ ನಿಂತಳು.

ನಾನು ಹಾಗೆ ಹೇಳಿದ್ದು ಹೆಂಡತಿಯ ತಾಯಿಗೆ ಗೊತ್ತಿರಲಿಲ್ಲ. ನಾನು ಒಪ್ಪಿದೆ ಅಂತ ತಿಳಿದು, ನನ್ನ ದೂರದ ಕಕ್ಕನ ಮಗಳೊಬ್ಬಳನ್ನು ಕೈಹಿಡಿದು ತೊಟ್ಟಿಲ ಹತ್ತಿರ ತಂದಳು. ವರಸೆಯಲ್ಲಿ ಅವಳೂ ಸೋದರತ್ತೆಯೇ. ಅವಳು ಬಗ್ಗಿದಳು, ಕಿವಿಗೆ ಬಾಯಿ ಹಚ್ಚಿದಳು, ‘ಕುರ್‌ರ್’ ಅಂತ ಊದಿದಳು. ಹೆಂಗಸರು ದಬದಬ ಗುದ್ದಿದರು. ಮನೆಯೆಲ್ಲ ನಗು. ಕೂಸು ಬೆಚ್ಚಿ ಅತ್ತಿತು.

ನಾನು ಅಕ್ಕನ ಕಡೆ ನೋಡಲಿಲ್ಲ. ಆಮೇಲೆ ನೋಡಿದಾಗ ಅವಳು ಮಂದಿಗೆ ಉಸುಳಿ ಹಂಚುವ ಬುಟ್ಟಿಯ ಕಡೆ ಹೋಗಿದ್ದಳು. ಬುಟ್ಟಿಗೆ ಕೈ ಹಾಕಲಿಲ್ಲ. ಯಾರಾದರೂ ಬೇಡ ಅಂದಾರು ಅಂತ ನಿಂತೇ ಇದ್ದಳು.

ಅಕ್ಕನನ್ನು ಕಳಿಸಲು ಬಸ್ ಸ್ಟ್ಯಾಂಡಿಗೆ ಹೋದೆ. ಗದಗಿನ ಬಸ್ಸು ಬಂದು ನಿಂತಾಗ ಕೇಳಿದಳು, ‘ಆ ಬಿಳಿ ತಿಮಿಂಗಲದ್ದು ಖರೆನೋ, ಅದೂ ಹಿಂಗನೋ?’

‘ಅದು ಖರೆ ಅಕ್ಕಾ. ದೇವರಾಣಿ ಖರೆ.’

‘ಆತು’ ಅಂದಳು. ಕಿಟಕಿಯ ಹತ್ತಿರ ಕೂತು ಸೆರಗನ್ನು ತುಟಿಗೆ ಹಿಡಿದುಕೊಂಡಳು.

ಮುಂದಿನ ರಜೆಗೆ ನನ್ನ ಹಳೆಯ ಮೇಷ್ಟ್ರನ್ನು ಕಾಡಿ ಬೇಡಿ, ಲೈಬ್ರರಿಯ ಆ ದಪ್ಪ ಪುಸ್ತಕ ಬೆಟಗೇರಿಗೆ ಒಯ್ದೆ. ಸಾಲಿನ ಕೆಳಗೆ ಬೆರಳಿಟ್ಟು ಓದಿದೆ. ಅಕ್ಕ ತಾಳ್ಮೆಯಿಂದ ಕೇಳಿದಳು. ‘ಇರಬಹುದಪಾ. ನನಗೇನು ಇಂಗ್ಲಿಷ್ ಬರತೈತೇನು?’ ಅಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಕಾಲಿಗೆ ಬೀಳುತ್ತಿದ್ದೆ.

ನಾಲ್ಕು ವರ್ಷಕ್ಕೆ ಗಂಡು ಕೂಸಾಯಿತು. ಈ ಸಲ ತೊಟ್ಟಿಲು ನಮ್ಮ ಬೆಟಗೇರಿಯ ಮನೆಯಲ್ಲೇ ಅಂತ ಹಟ ಹಿಡಿದೆ. ಹೆಂಡತಿಯೂ ನನ್ನ ಜೊತೆ ನಿಂತಳು. ಬೀಗರಿಗೆ, ತೊನ್ನು ಅಂಟುವುದಿಲ್ಲ, ಬೇಕಾದರೆ ಬರ್ರಿ, ಬ್ಯಾಡಾದ್ರ ಬಿಡ್ರಿ ಅಂತ ನೇರ ಹೇಳಿದೆ. ಎಲ್ಲರೂ ಬಂದರು. ಯಾರೂ ಏನೂ ಅನ್ನಲಿಲ್ಲ. ಅಷ್ಟೇ ಸುಲಭವಿತ್ತು ಅದು.

ಆ ದಿನ ಬೆಳಿಗ್ಗೆ ಅಕ್ಕನನ್ನು ಕರೆಯಲು ಒಳಗೆ ಹೋದೆ. ತೊಟ್ಟಿಲ ದಿನವೂ ರಾಟಿಯ ಮುಂದೆ ಕೂತಿದ್ದಳು. ‘ಬಾ ಅಕ್ಕಾ, ಹೆಸರು ನೀನ ಇಡಬೇಕು’ ಅಂದೆ.

‘ತೊಟ್ಟಲಾ ತೂಗಾಕ ಬರತೀನಿ. ಹೆಸರು ಬ್ಯಾರೆಯವರು ಇಡಲಿ.’

‘ಯಾಕಕ್ಕಾ? ಯಾರೂ ಬ್ಯಾಡ ಅಂದಿಲ್ಲ.’

‘ನಾನೂ ಸಿಟ್ಟಿಲೇ ಹೇಳಾಕತ್ತಿಲ್ಲ. ಹಡದ ಖಬರ ಬಂದ ದಿನದಿಂದ ಲಕ್ಷ್ಮೇಶ್ವರಕ್ಕ ಹೋಗೂತನಕ ಒಂದು ಹೆಸರು ಬಾಯಾಗ ಇಟಗೊಂಡು ಓಡ್ಯಾಡಿದ್ದೆ. ಆ ಹುಡಿಗಿಗೆ ಅಂತ. ಈಗ ನನ್ನ ಬಾಯಾಗ ಯಾ ಹೆಸರೂ ಇಲ್ಲೋ ತಮ್ಮಾ.’

ಅಂಥದೊಂದು ಹೆಸರು ಇತ್ತು ಅನ್ನುವುದೇ ನನಗೆ ಗೊತ್ತಿರಲಿಲ್ಲ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಅವಳ ಎದುರು ನೆಲಕ್ಕೆ ಕೂತೆ.

‘ಯಾ ಹೆಸರಕ್ಕಾ ಅದು?’

ಹರಿದ ಎಳೆಯೊಂದನ್ನು ಹುಡುಕಿ ಗಂಟು ಹಾಕಿದಳು. ‘ಏನಿತ್ತೋ’ ಅಂದಳು. ‘ಮರತ ಹೋತು. ನಡೀ, ಮಂದಿ ಕಾಯಾಕತ್ತಾರ.’