ಕಾಕಾನ ಕಾಲಿಗೆ ಹೆದರಿ ಹಾಕಿಸಿದ ಕ್ಲಚ್ಚು

ನನಗೆ ಸಿಟ್ಟು ಏರುವುದು ನೆತ್ತಿಗಲ್ಲ, ಎಡ ಮೊಣಕಾಲಿಗೆ. ಹೋದ ಬೇಸಿಗೆಯಿಡೀ ಹೀಗೇ ಆಯಿತು. ಯಲವಿಗಿಯ ರೈಲ್ವೆ ಗೇಟು ತೆರೆಯುತ್ತದೆ. ಮುಂದಿನ ಮೇವಿನ ಟ್ರ್ಯಾಕ್ಟರು ಒಂದು ಮೊಳ ಸರಿದು ನಿಲ್ಲುತ್ತದೆ. ನಾನು ಕ್ಲಚ್ಚು ತುಳಿಯುತ್ತೇನೆ, ಬಿಡುತ್ತೇನೆ, ಕಾರು ಹಲ್ಲು ಕಡಿದು ಒಮ್ಮೆ ಜಿಗಿಯುತ್ತದೆ, ಮತ್ತೆ ತುಳಿಯುತ್ತೇನೆ. ಹಳಿ ದಾಟುವಷ್ಟರಲ್ಲಿ ನನ್ನ ಎಡಗಾಲು ಪೈಲ್ವಾನನದು, ಬಲಗಾಲು ಗುಮಾಸ್ತನದು. ಹಿಂದಿನ ಸೀಟಿನ ಖಾರದ ಡಬ್ಬಿಗಳು ಅಷ್ಟೂ ಹೊತ್ತು ತಾಳ ಹಾಕುತ್ತಿರುತ್ತವೆ.

ಆ ಖಾರ, ಅಂದರೆ ಎಣ್ಣೆಯಲ್ಲಿ ಕರಿದ ಕುರುಕು ತಿಂಡಿ, ಅದೇ ನನ್ನ ಹೊಟ್ಟೆಪಾಡು. ಸವಣೂರಿನಲ್ಲಿ ಎತ್ತಿ ಯಲವಿಗಿ, ಶಿಗ್ಗಾಂವ, ಹಾನಗಲ್ಲ ಕಡೆಯ ಅಂಗಡಿಗಳಿಗೆ ಹಾಕುತ್ತೇನೆ. ನಡುನಡುವೆ ಮದುವೆ ಮನೆಗಳಲ್ಲಿ, ಶಾಲೆಯ ಗ್ಯಾದರಿಂಗಿನಲ್ಲಿ ಮಿಮಿಕ್ರಿ ಮಾಡುತ್ತೇನೆ. ಕಂಡಕ್ಟರು, ಕುರಿ, ಬೀಗರು, ಭಾಷಣದವರು, ಯಾರನ್ನೂ ಬಿಟ್ಟಿಲ್ಲ. ಮನೆ ಅಕ್ಕಿಆಲೂರಿನಲ್ಲಿ. ಕಾರು ಯಾರೋ ಓಡಿಸಿ ಬಿಟ್ಟ ಸಣ್ಣ ಪೆಟ್ರೋಲ್ ಗಾಡಿ. ಓಟದ ಕುದುರೆಯಲ್ಲ, ಸಂತೆಯ ಕತ್ತೆ. ಆ ಕತ್ತೆಗೆ ರೇಸಿನ ಕ್ಲಚ್ಚು ಹಾಕಿಸಿದ ಮಹಾನುಭಾವ ನಾನೇ. ಯಾಕೆ ಅನ್ನುವುದನ್ನು ಹೇಳಬೇಕಾದರೆ ನಮ್ಮ ಮನೆಯ ಬಾಗಿಲ ಪಕ್ಕದ ಮೊಳೆಯಿಂದ ಶುರುಮಾಡಬೇಕು.

ಗಾಡಿಯ ಕೀಲಿ ಆ ಮೊಳೆಗೆ ತೂಗುತ್ತಿತ್ತು. ತೂಗಿದ ಕೀಲಿ ಓಣಿಯದು. ನಮ್ಮ ಕಡೆ ಗಾಡಿ ಕೇಳಲು ಬಂದವರಿಗೆ ‘ಕೊಡಂಗಿಲ್ಲ’ ಅನ್ನುವ ಪದ್ಧತಿಯೇ ಇಲ್ಲ. ಹೆಣ್ಣು ಕೇಳಲು ಬಂದವರಿಗಾದರೂ ಅನ್ನಬಹುದು, ಗಾಡಿ ಕೇಳಲು ಬಂದವರಿಗೆ ಅಂದರೆ ಮನೆತನದ ಮರ್ಯಾದೆ ಹೋಯಿತು. ಅದಕ್ಕೇ ನಮ್ಮೂರಿನ ಗಾಡಿಗಳಿಗೆ ಬರುವಷ್ಟು ರೋಗ ಜಗತ್ತಿನ ಯಾವ ಗಾಡಿಗೂ ಬರುವುದಿಲ್ಲ. ‘ಬ್ಯಾಟರಿ ಕುಂತೈತ್ರಿ.’ ‘ಟಾಯರ್ ಇವತ್ತ ಪಂಚರ್ ಆತ್ರಿ, ಈಗರ.’ ‘ಬ್ರೇಕ್ ಹತ್ತವಲ್ಲದು, ನಿಮ್ಮ ಜೀವ ಮುಖ್ಯ ಅಲ್ರೀ?’ ಕೇಳಲು ಬಂದವರಿಗೂ ಇದು ಸುಳ್ಳೆಂದು ಗೊತ್ತು. ಆದರೂ ಗಾಡಿಯ ಆರೋಗ್ಯ ವಿಚಾರಿಸಿ, ಚಹಾ ಕುಡಿದು ಹೋಗುತ್ತಾರೆ.

ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಈ ರೋಗಗಳಿಗೆಲ್ಲ ಹೆದರುವವನಲ್ಲ. ಪಕ್ಕದ ಮನೆಯಲ್ಲೇ ಇರುತ್ತಾನೆ. ಭತ್ತದ ಗದ್ದೆ ಇದೆ, ಟ್ರ್ಯಾಕ್ಟರು ಇದೆ, ಕಾರು ಇಲ್ಲ. ಬ್ಯಾಟರಿ ಕೂತಿದೆ ಎಂದರೆ ಟ್ರ್ಯಾಕ್ಟರಿನದನ್ನೇ ಬಿಚ್ಚಿ ತರುತ್ತಾನೆ. ಅವನು ವಾಹನ ಕಲಿತದ್ದು ಕೆಸರುಗದ್ದೆಯಲ್ಲಿ. ಅಲ್ಲಿ ಬದುವಿನ ಮೂಲೆ ತಿರುಗಿಸುವಾಗ ಅರ್ಧ ಕ್ಲಚ್ಚು ಹಿಡಿದೇ ಹೊಡೆಯಬೇಕು. ಆ ಕಾಲು ಕಾರಿಗೆ ಬಂದರೂ ಕ್ಲಚ್ಚಿನಿಂದ ಇಳಿಯುವುದಿಲ್ಲ, ಜಗಲಿಯ ಮೇಲೆ ಇಟ್ಟಂತೆ ಇಟ್ಟುಕೊಂಡಿರುತ್ತಾನೆ. ಬೇಸಿಗೆಯ ಮೊದಲಿಗೆ ಹಿರೇಕೆರೂರಿನ ಒಂದು ಮದುವೆಗೆ ಮನೆಮಂದಿಯನ್ನೆಲ್ಲ ತುಂಬಿಕೊಂಡು ಹೋದವನು ಮರಳಿ ಬಂದಾಗ ಗಾಡಿಯಿಂದ ಸುಟ್ಟ ವಾಸನೆ ಓಣಿಯ ತುದಿಗೂ ಹಬ್ಬಿತ್ತು.

‘ಏನೋ ತಮ್ಮಾ, ನಿನ್ನ ಗಾಡಿ ಬಾಳ ನಾಜೂಕಪ’ ಎಂದು ಕೀಲಿಯನ್ನು ಮೊಳೆಗೆ ಹಾಕಿದ. ‘ಬೀಗರ ಮನಿ ಹೆಣ್ಣುಮಗಳಿದ್ದಂಗ. ಮುಟ್ಟಿದ್ರ ಮುನಿಸಿಕೊಂತೈತಿ.’

ಕ್ಲಚ್ ಪ್ಲೇಟು ಇದ್ದಲಾಗಿತ್ತು. ನಾನು ಹಲ್ಲು ಕಿಸಿದೆ. ಒಳಗೆ ಬಂದು ಕಾಕಾನ ದನಿಯಲ್ಲಿ ಅದೇ ಮಾತು ಆಡಿ ಅವ್ವನನ್ನು ನಗಿಸಿದೆ. ನನ್ನ ಪೌರುಷ ಅಷ್ಟೇ.

ಅಕ್ಕ ಮಾತ್ರ ನಗಲಿಲ್ಲ. ಅವಳಿಗೆ ಆ ಗಾಡಿ ಬೇಕಿತ್ತು. ಹಿರೇಕೆರೂರಿನ ಆಚೆಯ ಒಂದು ಹಳ್ಳಿಯ ಶಾಲೆಯಲ್ಲಿ ಅವಳು ಅತಿಥಿ ಶಿಕ್ಷಕಿ. ಅತಿಥಿ ಎಂದರೆ ಯಾವಾಗ ಬೇಕಾದರೂ ‘ಹೋಗಿ ಬರ್ರಿ’ ಎನ್ನಬಹುದಾದವಳು. ಆ ಹಳ್ಳಿಗೆ ಬಸ್ಸು ಮುಟ್ಟುವುದು ಪ್ರಾರ್ಥನೆ ಮುಗಿದ ಮೇಲೆ. ಹೆಡ್ ಮಾಸ್ತರರು ಬೇಸಿಗೆಯ ಸೂಟಿಗೆ ಮುಂಚೆಯೇ ಹೇಳಿ ಕಳಿಸಿದ್ದರು: ‘ಜೂನಿನಾಗ ಪ್ರಾರ್ಥನಿಗೆ ಇದ್ರ ನೀವು, ಇಲ್ಲಾಂದ್ರ ಬ್ಯಾರೇದವರು.’ ಅಕ್ಕ ಅದಕ್ಕೆಂದೇ ಕಾರು ಕಲಿತಳು, ಲೈಸೆನ್ಸ್ ತಗೊಂಡಳು. ಶಾಲೆ ಶುರುವಾದ ಮೇಲೆ ಗಾಡಿ ಅವಳಿಗೆ, ನಾನು ಡಬ್ಬಿಗಳನ್ನು ಬೈಕಿಗೆ ಕಟ್ಟಿಕೊಂಡು ತಿರುಗುವುದು ಎಂದು ಮಾತಾಗಿತ್ತು. ಇಡೀ ಕಥೆಯಲ್ಲಿ ಮುಖ್ಯವಾದದ್ದು ಇದೊಂದೇ, ಉಳಿದದ್ದು ನನ್ನ ಒದರಾಟ.

ಸುಟ್ಟ ಕ್ಲಚ್ಚಿನ ಗಾಡಿಯನ್ನು ಹುಬ್ಬಳ್ಳಿಯ ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿನವನಿಗೆ ಮೊಬೈಲಿನ ವಿಡಿಯೋಗಳಲ್ಲಿ ಬದುಕುವ ಚಾಳಿ. ಕತ್ತಲ ಶೆಡ್ಡಿನೊಳಗೂ ಕಪ್ಪು ಕನ್ನಡಕ ಹಾಕಿಕೊಂಡಿದ್ದ. ಅವನಿಗೆ ಕಾಕಾನ ಕಾಲಿನ ಕಥೆ ಹೇಳಿದೆ.

‘ಭಾಯ್, ಕಂಪನಿ ಕ್ಲಚ್ ಹಾಕ್ಸಬ್ಯಾಡ್ರಿ. ಪರ್ಫಾರ್ಮನ್ಸ್ ಕ್ಲಚ್ ಹಾಕ್ತೇನಿ. ತಾಮ್ರದ ಬಿಲ್ಲಿ, ಡಬಲ್ ಸ್ಪ್ರಿಂಗು. ನಿಮ್ಮ ಕಾಕಾ ಅಲ್ರೀ, ಕಾಕಾನ ಎಮ್ಮಿ ಹತ್ತಿ ತುಳದ್ರೂ ಸುಡಂಗಿಲ್ಲ.’

‘ಪೆಡಲ್ ಬಿರುಸ ಅಕ್ಕತೇನು?’

‘ಸ್ವಲ್ಪ.’

ಹಲ್ಲು ಕೀಳುವವರು ‘ಸ್ವಲ್ಪ’ ಎನ್ನುತ್ತಾರಲ್ಲ, ಹಾಗೆ ಅಂದ. ಅಷ್ಟಕ್ಕೇ ನನ್ನ ಕಿವಿ ನಿಗುರಿದವು. ಬಿರುಸಾದ ಪೆಡಲ್ಲು! ಕಾಕಾ ಎರಡು ಸಲ ತುಳಿದು, ಸೊಂಟ ಹಿಡಿದುಕೊಂಡು, ಕೀಲಿಯನ್ನು ತಾನಾಗಿಯೇ ಮರಳಿ ಕೊಡುತ್ತಾನೆ. ನಾನು ಹೇಳಲಾರದ ‘ಇಲ್ಲ’ವನ್ನು ಸ್ಪ್ರಿಂಗು ಹೇಳುತ್ತದೆ. ಇದಕ್ಕಿಂತ ಚಲೋ ಉಪಾಯ ಅಕ್ಕಿಆಲೂರಿನಲ್ಲಿ ಯಾರಿಗೂ ಹೊಳೆದಿಲ್ಲ ಎಂದು ಉಬ್ಬಿಹೋದೆ. ಅಕ್ಕ ನೆನಪಾಗಲಿಲ್ಲವೇ ಅಂದರೆ, ಆದಳು. ನಾಲ್ಕು ದಿನದಲ್ಲಿ ರೂಢಿಯಾಗುತ್ತದೆ ಅಂದುಕೊಂಡೆ. ಇನ್ನೊಬ್ಬರ ಕಾಲಿನ ವಿಷಯದಲ್ಲಿ ಗಂಡಸರು ಬಹಳ ಧೈರ್ಯವಂತರು.

ಮೊದಲಿನ ಕ್ಲಚ್ಚು ಸಜ್ಜನ. ಕಾಲು ಬಿಡುತ್ತ ಬಂದರೆ ‘ಹಿಡೀಲೇನ್ರೀ, ಹಿಡೀಲೇನ್ರೀ’ ಎಂದು ಕೇಳಿ ಹಿಡಿಯುತ್ತಿತ್ತು. ಇದು ಪೊಲೀಸಪ್ಪ. ಹಿಡಿಯದಿದ್ದರೆ ಹಿಡಿಯಲೇ ಇಲ್ಲ, ಹಿಡಿದರೆ ನೇರ ಕಾಲರಿಗೆ ಕೈ. ನಡುವೆ ಮಾತುಕತೆಯೇ ಇಲ್ಲ. ನಿಂತಲ್ಲಿ ತಗಡಿನ ಡಬ್ಬಿಯಲ್ಲಿ ಕಡಲೆ ಅಲ್ಲಾಡಿಸಿದಂತೆ ಗಲಗಲ. ಖಾಲಿ ಹೆದ್ದಾರಿಯಲ್ಲಿ, ಶಿಗ್ಗಾಂವ ದಾಟಿ ನಾಲ್ಕನೇ ಗೇರಿಗೆ ಹಾಕಿದಾಗ ಮಾತ್ರ ನಿಜಕ್ಕೂ ಹುಲಿ. ಆದರೆ ನನ್ನ ಬದುಕು ಹೆದ್ದಾರಿಯಲ್ಲಿಲ್ಲ; ಸವಣೂರಿನ ಓಣಿಯಲ್ಲಿ, ವೀಳ್ಯದೆಲೆಯ ಪೆಂಡಿ ಹೊತ್ತ ಸೈಕಲ್ಲುಗಳ ಹಿಂದೆ, ಹೆಜ್ಜೆಗೊಂದು ಹಂಪಿನ ಮೇಲಿದೆ. ಅಲ್ಲಿ ಹುಲಿಯನ್ನು ಕಟ್ಟಿಕೊಂಡು ಏನು ಮಾಡಲಿ, ಹಾಲು ಹಿಂಡಲೇ?

ಸವಣೂರಿನಲ್ಲಿ ಖಾರ ಕರಿಯುವ ಚಾಚಾ ನನ್ನ ಗಾಡಿ ಕುಕ್ಕುತ್ತ ಬಂದು ನಿಲ್ಲುವುದನ್ನು ನೋಡಿ ಎಣ್ಣೆ ಬಸಿಯುವ ಜಾರಿಯನ್ನು ಬಾಣಲೆಯ ಮೇಲೆಯೇ ಹಿಡಿದು ನಿಂತ.

‘ಅರೇ ತಮ್ಮಾ, ಗಾಡಿಗಿ ಥಂಡಿಜ್ವರ ಬಂದೈತೇನು?’

‘ಇಲ್ರಿ ಚಾಚಾ, ನಿಮ್ಮ ಖಾರ ತಿಂದೈತ್ರಿ.’

ಗಾಡಿ ಕುಕ್ಕುವುದನ್ನು ಮೈಯಲ್ಲೇ ಮಾಡಿ ತೋರಿಸಿದೆ. ಅಂಗಡಿ ಮುಂದಿನವರೆಲ್ಲ ನಕ್ಕು ಇನ್ನೊಮ್ಮೆ ಮಾಡಿಸಿದರು. ಮೊಣಕಾಲು ಮಾತ್ರ ನಗಲಿಲ್ಲ. ಒಂದು ಮದುವೆಯಲ್ಲಿ ಕುಂಟುವ ಮುದುಕನನ್ನು ಮಾಡಿದಾಗ ‘ಎಷ್ಟ್ ಸಾಚಾ ಮಾಡಿದ್ಯೋ’ ಎಂದು ಹೊಗಳಿದರು. ಕುಂಟು ಸಾಚಾವೇ ಇತ್ತು.

ಶಾಲೆ ಶುರುವಾಗಲು ಇನ್ನೊಂದು ವಾರವಿದ್ದಾಗ ಅಕ್ಕ ಓಡಿಸಲು ಕೂತಳು. ನಾನು ಪಕ್ಕದಲ್ಲಿ. ಊರ ಹೊರಗೆ ಹೇಗೋ ನಡೆಯಿತು. ಹಾನಗಲ್ಲಿನ ಬಸ್‌ಸ್ಟ್ಯಾಂಡಿನ ಮುಂದೆ ನಿಲ್ಲಿಸಿ ಮತ್ತೆ ಹೊರಡುವಾಗ ಬಂದ್ ಬಿತ್ತು. ಚಾಲೂ ಮಾಡಿದಳು, ಜಿಗಿದು ಬಂದ್. ಮತ್ತೆ ಜಿಗಿದು ಬಂದ್. ಹಳೆಯ ಕ್ಲಚ್ಚಿನಲ್ಲಿ ಇದೇ ಜಾಗದಲ್ಲಿ ಎಷ್ಟೋ ಸಲ ಅಲುಗದಂತೆ ಎತ್ತಿದ್ದಳು. ಹಿಂದಿನ ಬಸ್ಸಿನವನು ಹಾರ್ನಿನ ಮೇಲೆ ಮಲಗಿಬಿಟ್ಟ.

‘ಅಕ್ಕಾರ, ಅದು ಒಲಿ ಅಲ್ರೀ, ಗಾಡಿ!’ ಎಂದ ಒಬ್ಬ.

‘ಊದ್ರಿ, ಊದ್ರಿ, ಹತ್ತತೈತಿ!’ ಎಂದ ಇನ್ನೊಬ್ಬ.

ಪಾನ್ ಅಂಗಡಿಯವನಿಗೆ ನನ್ನ ಗುರುತು. ‘ಏ ಮಿಮಿಕ್ರೀ! ನಿಮ್ಮಕ್ಕನ ಡ್ರೈವಿಂಗ್ ಒಂದ್ಸಲ ಮಾಡಿ ತೋರ್ಸಲೇ!’

ನನ್ನ ಬಾಯಿ ತೆರೆಯಲೇ ಇಲ್ಲ. ಅಕ್ಕ ಕೆಳಗಿಳಿದು, ಗಾಡಿಯನ್ನು ಸುತ್ತಿ ಬಂದು, ನನ್ನ ಬಾಗಿಲು ತೆಗೆದು ನಿಂತಳು. ನಾನು ಜಾಗ ಬದಲಿಸಿ ಗಾಡಿ ಎತ್ತಿದೆ. ಅಕ್ಕಿಆಲೂರಿನ ಅಕ್ಕಿ ಗಿರಣಿ ಕಂಡಿತು. ಆಗ ಅವಳು ಕೇಳಿದಳು.

‘ತಪ್ಪು ನನ್ನ ಕಾಲಿಂದೋ, ಗಾಡೀದೋ?’

‘ಗಾಡೀದ.’

‘ಅದನ್ನ ಅಲ್ಲೇ ಹೇಳಬೇಕಿತ್ತಲ್ಲ? ಊರಂದೆಲ್ಲಾ ದನಿ ತಗೀತಿ. ಆಗ ಒಂದರ ಬರಬಾರದಿತ್ತೇನೋ?’

ಮನೆಯಲ್ಲಿ ಅಪ್ಪ ಸಮಾಧಾನ ಹೇಳಿದ. ಅದು ಇನ್ನೂ ಕೆಟ್ಟದ್ದು. ‘ರೂಢಿ ಅಕ್ಕತಿ ಬಿಡವಾ. ಕಾಲ ಒಂದೀಟ ಗಟ್ಟಿ ಆಗಬೇಕು.’

‘ನಾ ಕಾಲ ಗಟ್ಟಿ ಮಾಡ್ಕೊಳ್ಳಾಕ ಹೊಂಟಿಲ್ಲಪಾ. ಸಾಲಿಗೆ ಹೊಂಟೇನಿ.’

ಮರುದಿನ ಬೆಳಿಗ್ಗೆ ಕಾಕಾ ಬಂದು ಮೊಳೆಯಿಂದ ಕೀಲಿ ತೆಗೆದ. ಗ್ಯಾರೇಜಿನಿಂದ ಗಾಡಿ ಬಂದ ಮೇಲೆ ಅವನು ಮುಟ್ಟುತ್ತಿರುವುದು ಅದೇ ಮೊದಲು. ಇಷ್ಟು ದಿನ ಗದ್ದೆ ಹದ ಮಾಡುವುದರಲ್ಲಿದ್ದ. ನಾನು ಕಟ್ಟೆಯ ಮೇಲೆ ಕೂತು ಚಹಾದ ಬಶಿ ಹಿಡಿದು ನಾಟಕ ನೋಡುವವನಂತೆ ಕಾದೆ. ಈ ಬೇಸಿಗೆಯ ನನ್ನ ಎಲ್ಲ ನೋವೂ ಈ ಒಂದು ಗಳಿಗೆಗಾಗಿತ್ತು.

ಕಾಕಾ ತುಳಿದ. ಅವನ ಮುಖ ಅರಳಿತು.

‘ಹಾಂ! ಈಗ ಬಂತ ನೋಡ ಗಾಡಿಗಿ ಜೀವ! ಮೊದಲ ಗಾದಿ ತುಳದಂಗ ಅಕ್ಕಿತ್ತು. ಏನ್ ಹಾಕ್ಸಿಯೋ?’

‘ತಾಮ್ರದ ಬಿಲ್ಲೀದು’ ಎಂದೆ.

‘ಅದಕ್ಕ ಮತ್ತ! ನನ್ನ ಟ್ರ್ಯಾಕ್ಟರಿನಾಗೂ ಅದ ಐತಿ. ಶ್ಯಾಣ್ಯಾ ಅದಿ ಬಿಡಪ!’

ಅರ್ಧ ಕ್ಲಚ್ಚು ಹಿಡಿದು, ಗದ್ದೆ ಹೂಡುವವನಂತೆ ಕುಕ್ಕಿಸುತ್ತ, ಕುಕ್ಕಿದ್ದು ತನಗೆ ತಿಳಿಯದೆಯೇ ಹೋದ. ಸಂಜೆ ಬಂದು ಕೀಲಿ ತೂಗುಹಾಕಿದ. ‘ಎಷ್ಟ್ ತುಳದ್ರೂ ವಾಸನಿ ಬರವಲ್ಲದು ತಮ್ಮಾ!’

ಯಾರನ್ನು ಹೊರಗಿಡಲು ಬಾಗಿಲು ಹಾಕಿದೆನೋ ಅವನು ಒಳಗೆ ಕಾಲು ಚಾಚಿ ಕೂತಿದ್ದ. ಯಾರಿಗೆಂದು ಗಾಡಿ ಕಾಯಬೇಕಿತ್ತೋ ಅವಳು ಹೊರಗೆ ನಿಂತಿದ್ದಳು. ಇದರ ಮೇಲೆ ಅಪ್ಪನ ತೀರ್ಪು ಬೇರೆ. ‘ಸುಮ್ನ ಯಾಕ ತ್ರಾಸು? ಕಾಕಾಗ ಒಗ್ಗೇತಲ್ಲ. ಬಿತ್ತನಿ ಇರಲಾರದ ದಿನ ಅಂವನ ಬಿಟ್ಟ ಬರ್ತಾನ.’

ಬಿತ್ತನೆ ಇರಲಾರದ ದಿನ! ಭತ್ತದ ನಾಡಿನಲ್ಲಿ, ಜೂನ್ ತಿಂಗಳಲ್ಲಿ! ನನಗೆ ಆಗ ಬಂದ ಸಿಟ್ಟಿಗೆ ಮೊಣಕಾಲು ಸಾಲಲಿಲ್ಲ. ಆ ಕಪ್ಪು ಕನ್ನಡಕದ ಮೇಲೆ, ಮಗಳ ನೌಕರಿಯನ್ನು ತಮ್ಮನ ಬಿಡುವಿಗೆ ಗಂಟುಹಾಕಿದ ಅಪ್ಪನ ಮೇಲೆ, ‘ಗಂಡಮಕ್ಳು ಇರ್ತಾ ಅಕಿ ಯಾಕ ಒದ್ದಾಡಬೇಕು’ ಎಂದ ಅವ್ವನ ಮೇಲೆ. ಎಲ್ಲಕ್ಕೂ ಹೆಚ್ಚು, ಒಂದು ಶಬ್ದ ಆಡಲು ಅಂಜಿ ಕಬ್ಬಿಣದ ಕೈಯಲ್ಲಿ ಆಡಿಸಲು ಹೋದ ನನ್ನ ಬಾಯಿಯ ಮೇಲೆ. ಅಕ್ಕ ನನ್ನನ್ನು ನೋಡಿದಳು, ಅಷ್ಟೆ.

ಹಾನಗಲ್ಲಿನ ಸಾದಾ ಗ್ಯಾರೇಜಿನಲ್ಲಿ ಕಂಪನಿಯ ಮೆತ್ತನೆಯ ಕ್ಲಚ್ಚನ್ನೇ ಮತ್ತೆ ಹಾಕಿಸಿದೆ. ಅಲ್ಲಿಯವನು ಬಿಚ್ಚುತ್ತ ಬಿಚ್ಚುತ್ತ ನಕ್ಕ. ನಾನೂ ನಗಬೇಕಿತ್ತು, ಆಗಲಿಲ್ಲ. ಮೆತ್ತನೆಯದು ಅಂದರೆ ಕಾಕಾ ಮತ್ತೆ ಸುಡಬಲ್ಲದ್ದು. ಈಗ ನಡುವೆ ಸ್ಪ್ರಿಂಗು ಇಲ್ಲ, ಬಿಲ್ಲೆ ಇಲ್ಲ. ನಾನೊಬ್ಬನೇ.

ಶಾಲೆಯ ಮೊದಲ ದಿನ, ಅಕ್ಕ ಬುತ್ತಿ ಕಟ್ಟಿಕೊಳ್ಳುತ್ತಿರುವಾಗಲೇ ಕಾಕಾ ಬಂದ. ರಾತ್ರಿ ಮಳೆ ಬಿದ್ದಿತ್ತು. ಮೊಳೆ ಖಾಲಿಯಿರುವುದನ್ನು ನೋಡಿ ಕೈ ಚಾಚಿದ.

‘ಕೀಲಿ ತಾ. ಹಾನಗಲ್ಲಿಗೆ ಹೋಗಿ ಬೀಜ ತರತೇನಿ.’

ಬ್ಯಾಟರಿ, ಟಾಯರು, ಬ್ರೇಕು ಎಲ್ಲವೂ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ನುಂಗಿದೆ.

‘ಕೊಡಂಗಿಲ್ಲ ಕಾಕಾ.’

‘ಯಾಕ? ಬ್ಯಾಟರಿ ಕುಂತೈತೇನು?’

‘ಇಲ್ಲ. ಗಾಡಿ ಚಲೋ ಐತಿ. ಪೆಟ್ರೋಲ್ ಐತಿ. ಅಕ್ಕ ಸಾಲಿಗೆ ಒಯ್ತಾಳ. ಇವತ್ತೂ ಕೊಡಂಗಿಲ್ಲ, ನಾಳೆನೂ ಕೊಡಂಗಿಲ್ಲ.’

ಕಾಕಾ ಒಂದು ಗಳಿಗೆ ನನ್ನನ್ನು ನೋಡಿ ದೊಡ್ಡದಾಗಿ ನಕ್ಕ. ‘ಚಲೋ ಐತಲೇ! ಇದು ಯಾರ ದನಿ ತಗದಿ?’

‘ನಂದ.’

ನಗು ನಿಂತಿತು. ಅವ್ವ ಚಹಾದ ಬಶಿ ಹಿಡಿದು ಬಾಗಿಲಲ್ಲೇ ಕಲ್ಲಾದಳು. ಅಪ್ಪ ಕೆಮ್ಮಿದ. ಅಕ್ಕ ನನ್ನ ಕೈಯಿಂದ ಕೀಲಿ ತಗೊಂಡು ಯಾರ ಮುಖವನ್ನೂ ನೋಡದೆ ಹೊರಗೆ ನಡೆದಳು. ಗಾಡಿ ಕೆಸರಿನಲ್ಲಿ ಒಂದು ಸಲವೂ ಕುಕ್ಕದೆ ಓಣಿ ದಾಟಿತು.

ಈಗ ನಾನು ಬೈಕಿಗೆ ಡಬ್ಬಿ ಕಟ್ಟಿಕೊಂಡು ಮಳೆಯಲ್ಲಿ ನೆನೆಯುತ್ತ ಸವಣೂರಿಗೆ ಹೋಗುತ್ತೇನೆ. ಎಡಗಾಲಿನಲ್ಲಿ ಗೇರು ಹಾಕುವಾಗಲೆಲ್ಲ ಮೊಣಕಾಲು ಆ ಬೇಸಿಗೆಯನ್ನು ನೆನೆದು ಕಟಕ್ಕೆನ್ನುತ್ತದೆ, ನನಗೆ ಮತ್ತೆ ಸಿಟ್ಟು ಬರುತ್ತದೆ. ಅಕ್ಕ ಪ್ರಾರ್ಥನೆಗೆ ಮುಂಚೆಯೇ ಮುಟ್ಟುತ್ತಾಳೆ. ಕಾಕಾ ನಮ್ಮ ಕಟ್ಟೆಯ ಮೇಲೆ ಕೂರುವುದು ಬಿಟ್ಟಿದ್ದಾನೆ. ಹಿತ್ತಲ ಗೋಡೆಯ ಮೇಲಿಂದ ಅವ್ವನ ಕೈಯಲ್ಲಿ ಮಾತ್ರ ಹೇಳಿ ಕಳಿಸಿದ್ದಾನೆ: ‘ಎಲ್ಲಾರ ದನಿ ಚಲೋ ತಗೀತಾನ ನಿನ್ನ ಮಗ. ಅವನ ಸ್ವಂತ ದನಿ ಮಾತ್ರ ಒಂದೀಟೂ ಚಲೋ ಇಲ್ಲ ನೋಡು.’