ಉಡಾಳ ಅನ್ನುವ ಹಕ್ಕು

ಕುರಿಗಳಿಗೆ ಲಸಿಕೆ ಹಾಕುವುದು ನನ್ನ ಕೆಲಸ. ಸಂತಪುರದ ಹತ್ತಿರ ಒಂದು ದೊಡ್ಡಿಗೆ ಹೋದಾಗ ಟಗರೊಂದು ಕೈಗೇ ಸಿಗಲಿಲ್ಲ. ಅದನ್ನು ಸಾಕಿದ ಮುದುಕಿ ಗಂಗಮ್ಮ, "ನಿಲ್ಲೋ ಉಡಾಳ! ಏ ಉಡಾಳ!" ಅಂತ ಬೈಯುತ್ತಲೇ ಇದ್ದಳು. ಕೊನೆಗೆ ಅದು ನನ್ನನ್ನು ಗುದ್ದಿ ಹಿಕ್ಕೆಯ ಮೇಲೆ ಕೆಡವಿತು. ನನಗೂ ಸಿಟ್ಟು ಬಂತು. "ಆಯಿ, ಇದು ಭಾಳ ಉಡಾಳ ಅದ ನೋಡ್ರಿ" ಅಂದೆ.

ಗಂಗಮ್ಮನ ಮುಖ ಸಣ್ಣದಾಯಿತು.

"ಹಂಗ್ಯಾಕ ಅಂತೀರಿ ಸಾಹೇಬ್ರ? ಅವ್ವ ಸತ್ತ ಮರಿ ಅದು. ಬಾಟ್ಲಿ ಹಾಲು ಕುಡ್ಸಿ ಸಾಕೀನಿ. ನಾ ಅಂದ್ರ ಬ್ಯಾರಿ, ನೀವು ಅನಬಾರ್ದ್ರಿ."

ಟಗರಿನ ಎದುರೇ ತಪ್ಪಾಯ್ತು ಅಂದೆ. ಅವಳು ಅದರ ಕುತ್ತಿಗೆ ಸವರುತ್ತ ನಿಂತಳು, ಅದು ಕೂಸಿನ ಹಾಗೆ ಸೂಜಿ ಚುಚ್ಚಿಸಿಕೊಂಡಿತು.

ಕೆಲಸ ಮುಗಿದ ಮೇಲೆ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಒಂದೇ ರೊಟ್ಟಿ ತಿಂದು ಏಳಲು ಹೋದರೆ, "ಕುಂದ್ರೋ ಉಡಾಳ!" ಅಂತ ಗದರಿದಳು. ಸುಮ್ಮನೆ ಕೂತು ಇನ್ನೊಂದು ತಿಂದೆ.

ಆಫೀಸಿಗೆ ಬರುವಾಗ ತಡವಾಗಿತ್ತು. "ಎಲ್ಲಿ ತಿರಗ್ಲಾಕ ಹೋಗಿದ್ದಿ, ಉಡಾಳ?" ಅಂದರು ನಮ್ಮ ಮೇಲಧಿಕಾರಿ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಈ ಮನುಷ್ಯ ಇವತ್ತಿನವರೆಗೆ ನನಗೆ ಒಂದು ಕಪ್ ಚಹಾ ಕುಡಿಸಿದವರಲ್ಲ.