ಮೇಲಿನ ಮನೆ ಅಕ್ಕ ಊಟಕ್ಕೆ ಕರೆದ ಭಾನುವಾರ

ಜನವರಿ 11, ಭಾನುವಾರ. ಬ್ಲಾಗಿಗೆ ಬರೆಯಲು ಕೂತದ್ದು ಬೆಳಿಗ್ಗೆ 7.20ಕ್ಕೆ.

ಅಮ್ಮ ಮಸಾಲೆ ಪುಡಿಗೆಂದು ಲವಂಗ ಹುರಿಯುತ್ತಿದ್ದಾಳೆ. ವಾಸನೆ ನನ್ನ ಮೇಜಿನವರೆಗೂ ಬಂದಿದೆ. ಎರಡು ವರ್ಷದ ಹಿಂದೆ ಈ ವಾಸನೆ ಬರುತ್ತಿದ್ದದ್ದು ಮೇಲಿನಿಂದ, ನಮ್ಮ ಮಹಡಿಯ ಬಾಡಿಗೆ ರೂಮಿನಿಂದ...

ಅಲ್ಲಿದ್ದವಳು ತಾಂಜಾನಿಯಾದಿಂದ ಫಾರ್ಮಸಿ ಓದಲು ಬಂದಿದ್ದ ಹುಡುಗಿ. ನನಗಿಂತ ಮೂರು ವರ್ಷ ದೊಡ್ಡವಳಾದ್ದರಿಂದ ಅಕ್ಕ ಎನ್ನುತ್ತಿದ್ದೆ. ನಾಗಸಂದ್ರದ ನಮ್ಮ ಬೀದಿಯವರು ಅವಳನ್ನು ನೋಡುತ್ತಿದ್ದರು, ಮಾತಾಡಿಸುತ್ತಿರಲಿಲ್ಲ. "ಕ್ಲಾಸಿನಲ್ಲಿ ಅರವತ್ತು ಜನ ಇದ್ದಾರೆ, ಎಲ್ಲರ ಫೋನಿನಲ್ಲೂ ನನ್ನ ಜೊತೆ ತೆಗೆದ ಸೆಲ್ಫಿ ಇದೆ, ನನ್ನ ನಂಬರ್ ಇರುವುದು ಇಬ್ಬರ ಹತ್ತಿರ ಮಾತ್ರ" ಎಂದು ಒಮ್ಮೆ ಇಂಗ್ಲಿಷಿನಲ್ಲಿ ಹೇಳಿ ನಕ್ಕಿದ್ದಳು. ನಾನು ನಗಲಿಲ್ಲ. ಡೈರಿಯಲ್ಲಿ ಬರೆದುಕೊಂಡೆ.

ಸಂಜೆ ಕೆಳಗಿಳಿದು ಬಂದು ನನ್ನಿಂದ ಕನ್ನಡ ಕಲಿಯುತ್ತಿದ್ದಳು. ಒಟ್ಟು 112 ಮಾತು ಕಲಿಸಿದ್ದೇನೆ, ಪಟ್ಟಿ ಇದೆ. ಆಟೋದವರ ಹತ್ತಿರ "ಯಾಕಣ್ಣ, ಮೀಟರ್ ಕೆಟ್ಟೋಗಿದ್ಯಾ?" ಎಂದು ಕೇಳುವಷ್ಟು ಪಳಗಿದಳು. ತಡವಾಗಿ ಹೋದರೆ "ಟ್ರಾಫಿಕ್ ಜಾಸ್ತಿ ಇತ್ತು" ಅಂದುಬಿಡು, ಈ ಊರಿನಲ್ಲಿ ಅದರ ಮೇಲೆ ಯಾರೂ ಪ್ರಶ್ನೆ ಕೇಳುವುದಿಲ್ಲ ಎಂದೂ ನಾನೇ ಹೇಳಿಕೊಟ್ಟಿದ್ದೆ.

ಅವಳು ನಮ್ಮಲ್ಲಿ ಇದ್ದದ್ದು ಹದಿನಾಲ್ಕು ತಿಂಗಳು. ಅವಳು ಬಂದಾಗಲೆಲ್ಲ ಡೈರಿಯ ಕೊನೆಯ ಪುಟದಲ್ಲಿ ಒಂದು ಗೆರೆ ಎಳೆಯುತ್ತಿದ್ದೆ. ನಲವತ್ಮೂರು ಗೆರೆಗಳಿವೆ. ನಾವು ಅವಳ ಮನೆಯೊಳಗೆ ಹೋದಾಗ ಗೆರೆ ಎಳೆಯಲೆಂದು ಪಕ್ಕದಲ್ಲಿ ಜಾಗ ಬಿಟ್ಟಿದ್ದೆ.

ಒಂದು ಶ್ರಾವಣದಲ್ಲಿ ನಮ್ಮ ಮನೆಯ ನಾಲ್ವರನ್ನೂ ಭಾನುವಾರ ಊಟಕ್ಕೆ ಕರೆದಳು.

"ಶ್ರಾವಣ ಕಣಮ್ಮ, ನಾವು ಮಾಂಸ ತಿನ್ನಲ್ಲ. ಮುಗೀಲಿ ತಡಿ," ಎಂದಳು ಅಮ್ಮ.

"ಮಾಂಸ ಇಲ್ಲ ಆಂಟಿ. ಪಾತ್ರೆನೂ ಹೊಸದು."

"ಅಯ್ಯೋ, ಅದಕ್ಕೆ ಹೊಸ ಪಾತ್ರೆ ಯಾಕೆ ತಂದೆ! ಆಯ್ತು ಬಿಡು, ಬರ್ತೀವಿ."

ನಮ್ಮಲ್ಲಿ ಕರೆದವರಿಗೆ ಬೇಜಾರಾಗದಿರಲಿ ಎಂದು "ಬರ್ತೀವಿ" ಅನ್ನುವುದು ರೂಢಿ. ಆಮೇಲೆ ಹೋದರೂ ಆಯಿತು, ಬಿಟ್ಟರೂ ಆಯಿತು. ಕರೆದವರಿಗೂ ಅದು ಗೊತ್ತಿರುತ್ತದೆ. ನಾನು ಕಲಿಸಿದ 112ರಲ್ಲಿ ಇದೊಂದು ಇರಲಿಲ್ಲ.

ಆ ಭಾನುವಾರ ನೆಲಮಂಗಲದಲ್ಲಿ ನೆಂಟರ ಮಗುವಿಗೆ ನಾಮಕರಣ. 10.10ಕ್ಕೆ ಹೊರಟೆವು. ಚಪ್ಪಲಿ ಹಾಕಿಕೊಳ್ಳುವಾಗ ಮೇಲಿನಿಂದ ಲವಂಗದ ವಾಸನೆ ಬಂತು.

"ಅಮ್ಮ, ಅಕ್ಕ ಊಟಕ್ಕೆ ಕರೆದಿದ್ದಳಲ್ಲ?"

"ದಾರೀಲಿ ಫೋನ್ ಮಾಡಿ ಹೇಳಿದ್ರಾಯ್ತು, ಬೇಗ ಕಾರ್ ಹತ್ತು. ಅಪ್ಪ ಆಗ್ಲೇ ಹಾರ್ನ್ ಹೊಡೀತಿದಾರೆ."

ದಾರಿಯಲ್ಲಿ ನಾನು ಫೋನ್ ಮಾಡಲಿಲ್ಲ. ಏನು ಹೇಳುವುದೆಂದು ತೋಚದೆ, ಅಲ್ಲಿಗೆ ಹೋಗಿ ಮಾಡೋಣ, ಊಟವಾದ ಮೇಲೆ ಮಾಡೋಣ ಎಂದು ಮುಂದೂಡಿದೆ...

ವಾಪಸ್ ಬಂದಾಗ 4.40. ಮೆಟ್ಟಿಲು ಹತ್ತಿ ಹೋದೆ. ಬಾಗಿಲು ತೆರೆದಿತ್ತು. ಚಾಪೆಯ ಮೇಲೆ ನಾಲ್ಕು ತಟ್ಟೆ ಬೋರಲು ಹಾಕಿಟ್ಟಿದ್ದಳು. ಐದನೆಯದು ಸ್ವಲ್ಪ ದೂರದಲ್ಲಿ, ಒಲೆಯ ಹತ್ತಿರ ಇತ್ತು. ಬಡಿಸುವವರು ಕೊನೆಗೆ ಉಣ್ಣುವುದನ್ನು ಅವಳು ನಮ್ಮ ಮನೆಯಲ್ಲಿ ನೋಡಿದ್ದಳು. ನಾನು ಬಾಯಿ ತೆರೆಯುವ ಮೊದಲೇ, "ಪರವಾಗಿಲ್ಲ. ಟ್ರಾಫಿಕ್ ಜಾಸ್ತಿ ಇತ್ತು, ಅಲ್ವಾ?" ಎಂದಳು.

"ಹೂಂ ಅಕ್ಕ," ಎಂದು ಬಾಗಿಲಿನಿಂದಲೇ ಇಳಿದುಬಿಟ್ಟೆ.

ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ, ಹಿಂದಿನ ಶೀಟ್ ಮನೆಯಲ್ಲಿದ್ದ ರಾಯಚೂರು ಕಡೆಯ ಹೆಂಗಸು ಸಿಕ್ಕಳು. ಗಂಡ ಹೆಂಡತಿ ಇಬ್ಬರೂ ಕಟ್ಟಡ ಕೆಲಸದವರು.

"ಮ್ಯಾಲಿನ ಅಕ್ಕಾರು ರಾತ್ರಿ ನಮಗ ಊಟಕ್ಕ ಹಾಕಿದ್ರು ನೋಡ್ರಿ. ಭಾಳ ಛಲೋ ಆಗಿತ್ರಿ. ನೀವ್ಯಾಕ ಹೋಗ್ಲಿಲ್ಲ?"

ನಾನು ಕೊಡವನ್ನು ನಲ್ಲಿಯ ಕೆಳಗಿಟ್ಟೆ.

"ನೀವು ಕಾರ್ ಹತ್ತೂದು ಮ್ಯಾಲಿಂದ ನೋಡ್ಯಾರ್ರಿ. ಆದ್ರೂ ಹೊಳ್ಳಿ ಬರ್ತಾರ ಅಂತ ಮೂರರ ತನಕ ಕಾಯಾಕತ್ತಿದ್ರು."

ಆಮೇಲೆ ಅಕ್ಕ ನಾಲ್ಕು ತಿಂಗಳು ಇದ್ದಳು. ಕೆಳಗೆ ಬಂದದ್ದು ಎರಡೇ ಸಲ. ಒಂದು ಸಲ ನೀರು ಬರುತ್ತಿಲ್ಲ ಎಂದು ಹೇಳಲು, ಇನ್ನೊಂದು ಸಲ ಬೀಗದ ಕೈ ಕೊಡಲು. ನಾನೇ ಐದು ಸಲ ಹೋದೆ. ನಗುಮುಖದಲ್ಲೇ "ಎಕ್ಸಾಮ್ ಇದೆ" ಎಂದಳು. ಬಾಗಿಲು ಅರ್ಧ ಮಾತ್ರ ತೆರೆದಿರುತ್ತಿತ್ತು. ವೈಟ್‌ಫೀಲ್ಡ್ ಕಡೆ ಟ್ರೇನಿಂಗ್ ಎಂದು ಹೇಳಿ ಹೋದಳು. ಆರು ವಾರದ ನಂತರ ಅವಳ ನಂಬರ್ ಬಂದ್ ಆಯಿತು. ಡೈರಿಯಲ್ಲಿ ನಾವು ಅವಳ ಮನೆಗೆ ಹೋದದ್ದಕ್ಕೆಂದು ಬಿಟ್ಟಿದ್ದ ಜಾಗ ಈಗಲೂ ಖಾಲಿಯಿದೆ. ಬಾಗಿಲಲ್ಲಿ ನಿಂತದ್ದನ್ನು ನಾನು ಲೆಕ್ಕಕ್ಕೆ ಸೇರಿಸಿಲ್ಲ.

ಇದನ್ನು ಓದಿದವರಲ್ಲಿ ಅವಳನ್ನು ಬಲ್ಲವರು ಇರಬಹುದು. ಎತ್ತರದ ಹುಡುಗಿ, ಅನ್ನಕ್ಕೆ ಲವಂಗ ಹಾಕುತ್ತಾಳೆ, ಆಟೋದವರ ಹತ್ತಿರ ಕನ್ನಡದಲ್ಲಿ ಜಗಳ ಆಡುತ್ತಾಳೆ. ಈ ಊರಿನಲ್ಲೇ ಇದ್ದಾಳೋ, ತನ್ನ ಊರಿಗೆ ಹೋದಳೋ, ಗೊತ್ತಿದ್ದರೆ ದಯವಿಟ್ಟು ಒಂದು ಸಾಲು ಬರೆಯಿರಿ. ಅವಳೇ ಸಿಕ್ಕಿದರೆ, ಅವತ್ತು ರಸ್ತೆ ಖಾಲಿಯಿತ್ತು ಎಂದು ಕೆಳಗಿನ ಮನೆಯ ಹುಡುಗಿ ಒಪ್ಪಿಕೊಂಡಳು ಅನ್ನಿ.